ಓಣಿಯ ಮಗ್ಗಕ್ಕೆ ನೋಟಿಸ್ ಬಂದರೆ

ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರದ ಓಣಿಗಳಲ್ಲಿ ಮನೆ ಯಾವುದು, ವಿದ್ಯುತ್ ಮಗ್ಗದ ಕಾರ್ಖಾನೆ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಗೆ ಆ ಕಷ್ಟವಿಲ್ಲ. ಹಳದಿ ಬಳಿದರೆ ಅದು ವಸತಿ ವಲಯ. ಪಕ್ಕದ ಮನೆಯವರು ತಕರಾರು ಅರ್ಜಿ ಕೊಟ್ಟ ಮೇಲೆ, ವಸತಿ ವಲಯದಲ್ಲಿ ಮಗ್ಗ ಏಕೆ ಎಂದು ನಗರಾಭಿವೃದ್ಧಿ ಪ್ರಾಧಿಕಾರದ ನೋಟಿಸ್ ಬರುತ್ತದೆ, ನೋಟಿಸ್ ಹಿಡಿದುಕೊಂಡು ಮಗ್ಗದವರು ನನ್ನ ಮೇಜಿಗೆ ಬರುತ್ತಾರೆ. ಅರ್ಜಿ ಬರೆಯುವುದೇ ನನ್ನ ಉದ್ಯೋಗ.

ಎಲ್ಲರೂ ಹೊಟ್ಟೆಪಾಡಿನಿಂದ ಮಾತು ಶುರು ಮಾಡುತ್ತಾರೆ. ನಾನು ಅದನ್ನು ಉತ್ತರದ ಕೊನೆಯ ಸಾಲಿಗೆ ತಳ್ಳುತ್ತೇನೆ. ಮಗ್ಗ ಮೊದಲೋ, ಯೋಜನೆ ಮೊದಲೋ? ಕಡತ ನಿಲ್ಲುವುದು ಈ ತಾರೀಖಿನ ಮೇಲೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅನುಮತಿ ಕೇಳುವುದು ಭೂ ಉಪಯೋಗದ ಬದಲಾವಣೆಗೆ. ಮೊದಲಿನಿಂದ ನಡೆದುಬಂದದ್ದು ಬದಲಾವಣೆಯೇ ಅಲ್ಲ ಎಂಬುದು ನಿಮ್ಮ ವಾದವಾಗಬೇಕು.

ಆದ್ದರಿಂದ ಮನೆಯ ಟ್ರಂಕು ತೆಗೆಯಿರಿ. ಎಲ್ಲಕ್ಕಿಂತ ಗಟ್ಟಿ ಕಾಗದ ಹಳೆಯ ವಿದ್ಯುತ್ ಬಿಲ್ಲು. ಇಂದು ನಮಗೆ ವಿದ್ಯುತ್ ಕೊಡುವ ಕಂಪನಿ ಹೆಸ್ಕಾಂ ಹುಟ್ಟಿದ್ದು 2002ರಲ್ಲಿ. ಬಿಲ್ಲಿನ ನೆತ್ತಿಯಲ್ಲಿ ಕೆಇಬಿ (ಹಳೆಯ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ) ಎಂದಿದ್ದರೆ ಅದು ಇನ್ನೂ ಹಿಂದಿನದು, ತಾರೀಖು ಮಾಸಿದ್ದರೂ ಆ ಮೂರು ಅಕ್ಷರ ಸಾಕ್ಷಿ ಹೇಳುತ್ತವೆ. ಆರ್‌ಆರ್ ನಂಬರ್, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆ, ಇಂದಿನ ಬಿಲ್ಲಿಗೆ ಹೊಂದುತ್ತದೆಯೇ, ಅಂದು ಮಂಜೂರಾದ ಅಶ್ವಶಕ್ತಿ ಎಷ್ಟು ಎಂದು ನೋಡಿ. ಮನೆಯ ದೀಪದ ಬಿಲ್ಲು ತಂದು ಮಗ್ಗದ ಬಿಲ್ಲು ಎನ್ನುವವರೂ ಇದ್ದಾರೆ, ಅದರಿಂದ ಉಪಯೋಗವಿಲ್ಲ. ಜೊತೆಗೆ ಸಿಟಿ ಸರ್ವೆ ಉತಾರ (ಆಸ್ತಿ ದಾಖಲೆಯ ಪ್ರತಿ), ಪಾಲಿಕೆಯ ಹಳೆಯ ಉದ್ದಿಮೆ ಪರವಾನಗಿ, ನೂಲು ಖರೀದಿಯ ಪಾವತಿಗಳನ್ನು ಇಡಿ. ಕಾಗದ ಮರಾಠಿಯಲ್ಲಿದ್ದರೆ ಕನ್ನಡ ಅನುವಾದವನ್ನು ಲಗತ್ತಿಸಿ. ಉದ್ದಿಮೆ ಪರವಾನಗಿ ಇದ್ದ ಮಾತ್ರಕ್ಕೆ ವಲಯ ಬದಲಾಗುವುದಿಲ್ಲ. ಪರವಾನಗಿ ಕೊಡುವುದು ಮಹಾನಗರ ಪಾಲಿಕೆ, ವಲಯ ನೋಡುವುದು ನಗರಾಭಿವೃದ್ಧಿ ಪ್ರಾಧಿಕಾರ. ನಿಮಗೆ ಅದು ತಾರೀಖಿನ ಸಾಕ್ಷಿಯಾಗಿ ಮಾತ್ರ ಬೇಕು.

ಎರಡನೆಯ ಪ್ರಶ್ನೆ ಗಾತ್ರದ್ದು. ಎರಡು ಮಗ್ಗ ಇದ್ದಲ್ಲಿ ಆರು ಹಾಕಿ, ಹಿತ್ತಲಿಗೆ ತಗಡಿನ ಶೆಡ್ಡು ಏರಿಸಿ, "ಅಜ್ಜನ ಕಾಲದ್ದು" ಎಂದರೆ ಯಾರೂ ಕೇಳುವುದಿಲ್ಲ. ನೋಟಿಸ್ ಕೈಯಲ್ಲಿರುವಾಗ ಹೊಸ ಮೋಟಾರು ತರುವುದಂತೂ ಶುದ್ಧ ಮೂರ್ಖತನ. ವಲಯ ನಿಯಮಾವಳಿಯಲ್ಲಿ ವಸತಿ ವಲಯಕ್ಕೆ ಎರಡು ಪಟ್ಟಿಗಳಿರುತ್ತವೆ: ನೇರವಾಗಿ ಒಪ್ಪಿದ ಬಳಕೆಗಳು ಮತ್ತು ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಬಹುದಾದವು. ಸಣ್ಣ ಉದ್ದಿಮೆಗೆ ಅಶ್ವಶಕ್ತಿಯ ಮಿತಿಯೂ ಅಲ್ಲೇ ಸಿಗುತ್ತದೆ. ನಿಮ್ಮ ಮೋಟಾರು ಅದರೊಳಗೆ ಬಂದರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು.

ಮಿತಿ ದಾಟಿದ್ದರೆ ಅದೇ 1961ರ ಕಾಯ್ದೆಯ 14-ಎ ಕಲಮಿನಡಿ ಭೂ ಉಪಯೋಗ ಬದಲಾವಣೆಗೆ ಅರ್ಜಿ ಹಾಕಬಹುದು. ಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡುತ್ತಾರೆ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಎಂದು ತೋರಿಸಬೇಕು, ಶುಲ್ಕವೂ ಇದೆ. ಸುತ್ತ ಮನೆಗಳಿರುವ ಒಂಟಿ ಆಸ್ತಿಗೆ ನಾನು ಈ ದಾರಿ ಹೇಳುವುದಿಲ್ಲ. "ನಮ್ಮದು ಎನ್‌ಎ ಆಗಿದೆ" ಎಂಬ ಉತ್ತರವೂ ಬೇಡ. ಎನ್‌ಎ ಎಂದರೆ ಹೊಲವನ್ನು ಕೃಷಿಯೇತರ ಮಾಡಿದ್ದು, 1964ರ ಭೂ ಕಂದಾಯ ಕಾಯ್ದೆಯ ವ್ಯವಹಾರ.

ನೆರೆಯವರ ಒಪ್ಪಿಗೆ ಪತ್ರದ ಬಗ್ಗೆ ಹೇಳುವುದಾದರೆ, ಅದು ಇದ್ದರೆ ಒಳ್ಳೆಯದು. ಆದರೆ ಅದಕ್ಕಿಂತ ಸದ್ದು ಇಳಿಸುವುದು ಹೆಚ್ಚು ಕೆಲಸ ಮಾಡುತ್ತದೆ. 2000ರ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯ ಲೆಕ್ಕ ಹತ್ತಕ್ಕೆ ಶುರುವಾಗುತ್ತದೆ. ಮಗ್ಗದ ಕಾಲಡಿ ದಪ್ಪ ರಬ್ಬರ್ ಹಾಕಿಸಿ, ಹತ್ತರೊಳಗೆ ನಿಲ್ಲಿಸಿ, ಹಾಗೆ ನಿಲ್ಲಿಸುತ್ತೇವೆಂದು ಉತ್ತರದಲ್ಲೇ ಬರೆದುಕೊಡಿ. ತಕರಾರು ಕೊಟ್ಟವರಿಗೂ ಬೇಕಾಗಿರುವುದು ಬಹುಪಾಲು ನಿದ್ದೆ.

ಉತ್ತರವನ್ನು ಪ್ರಾಧಿಕಾರದ ಆವಕ (ಪತ್ರ ಸ್ವೀಕರಿಸುವ) ಶಾಖೆಯಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಳ್ಳಿ. ಪರಿಚಯದ ಗುಮಾಸ್ತರ ಕೈಗೆ ಕೊಟ್ಟದ್ದು ಕೊಟ್ಟಂತೆ ಅಲ್ಲ. ಸ್ಥಳ ಪರಿಶೀಲನೆಗೆ ಬಂದವರು ಬಾಯಿಮಾತಿನಲ್ಲಿ "ಮುಚ್ಚಿ" ಎಂದರೆ ಲಿಖಿತ ಆದೇಶ ಕೇಳಿ. ಆದೇಶ ವಿರುದ್ಧವಾಗಿ ಬಂದರೆ ಅಂದೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಮಗ್ಗ ಸ್ಥಳಾಂತರಿಸಲು ಕಾಲಾವಕಾಶ ಕೋರುವ ಇನ್ನೊಂದು ಪತ್ರವನ್ನೂ ಜೊತೆಗೇ ಕೊಡಿ. ವಕೀಲರ ಬಳಿ ಹೋಗುವಾಗ ಈ ಎರಡರ ಸ್ವೀಕೃತಿಯೂ ಕೈಯಲ್ಲಿರಲಿ.