ಅಟ್ಲಾಂಟಾದಲ್ಲಿ ಮಧ್ಯಾಹ್ನದ ನಿದ್ದೆ

ಮಲಗೋದೂ ಒಂದು ಹೋರಾಟ ಅಂತ ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಟ್ರಿಷಿಯಾ ಹರ್ಸಿ ಎಂಬ ಕಪ್ಪು ಕಲಾವಿದೆ 2016ರಲ್ಲಿ ನಾನಿರುವ ಅಮೆರಿಕದ ಅಟ್ಲಾಂಟಾದಲ್ಲೇ 'ನ್ಯಾಪ್ ಮಿನಿಸ್ಟ್ರಿ' ಶುರು ಮಾಡಿದರು. ಚಾಪೆ, ದಿಂಬು ಹಾಕಿ ಹತ್ತಾರು ಜನರನ್ನು ಒಟ್ಟಿಗೆ ಮಲಗಿಸುತ್ತಿದ್ದರು. ಹತ್ತಿ ಹೊಲದಲ್ಲಿ ಗುಲಾಮರನ್ನು ಯಂತ್ರದ ಹಾಗೆ ದುಡಿಸಿಕೊಂಡ ನಾಡಿದು, ಇಲ್ಲಿ ಅವರ ಪೀಳಿಗೆ ಸುಮ್ನೆ ಬಿದ್ದುಕೊಂಡರೂ ಅದು ಪ್ರತಿಭಟನೆಯೇ ಅನ್ನೋದು ಹರ್ಸಿಯವರ ವಾದ.

ಆಫೀಸಿನ ಕಪ್ಪು ಗೆಳತಿಯೊಬ್ಬರು ಇದನ್ನು ಬಿಡಿಸಿ ಹೇಳಿದರು. ವಾರದ ಮಿತಿ ಮೀರಿ ದುಡಿಸಿದರೆ ಹೆಚ್ಚುವರಿ ಕೂಲಿ ಕೊಡಬೇಕು ಅಂತ 1938ರಲ್ಲಿ ಕಾನೂನು ಬಂತು. ಆದರೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ದಕ್ಷಿಣದ ಕಪ್ಪು ಜನರಲ್ಲಿ ಬಹುಪಾಲು ಮಾಡುತ್ತಿದ್ದದ್ದು ಅವೇ ಕೆಲಸ. ಮನೆಗೆಲಸದವರನ್ನು ಸೇರಿಸಿಕೊಂಡದ್ದು 1974ರಲ್ಲಿ!

ನನ್ನ ಹೆದರಿಕೆಯೇ ಬೇರೆ. ನನ್ನ ಹಾಗೆ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇಲ್ಲಿರುವವರ ಕೆಲಸ ಹೋದರೆ, ಬೇರೆ ಕೆಲಸ ಹುಡುಕೋಕೆ ಇಲ್ಲವೇ ದೇಶ ಬಿಡೋಕೆ ಹೆಚ್ಚೆಂದರೆ 60 ದಿನ ಗಡುವು. ಅದಕ್ಕೇ ರಾತ್ರಿ ಹನ್ನೊಂದಕ್ಕೂ ಮೇಲ್‌ಗೆ ಉತ್ತರ ಕೊಡುತ್ತಿದ್ದೆ. ಹಾಗಂತ ಎರಡೂ ಒಂದೇ ಅಲ್ಲ. ನಾನು ಟಿಕೆಟ್ ತೆಗೆದು ಊರಿಗೆ ಹೋಗಬಹುದು. ಅವರಿಗೆ ಊರೇ ಇದು.

ಮನೆಯಿಂದ ಕೆಲಸ ಮಾಡುವ ದಿನ ಊಟ ಆದ ಮೇಲೆ ಜಮಖಾನ ಹಾಸಿ ಮಲಗೋಕೆ ಶುರು ಮಾಡಿದೆ. ಅಷ್ಟು ಹೊತ್ತು ಫೋನು ಅಡುಗೆಮನೆಯ ಡ್ರಾಯರ್‌ನಲ್ಲಿ. ಕ್ಯಾಲೆಂಡರ್‌ನಲ್ಲಿ ಆ ಹೊತ್ತಿಗೆ 'ಮೀಟಿಂಗ್' ಅಂತ ಹಾಕಿದ್ದೇನೆ (ಸುಳ್ಳೇನಲ್ಲ, ದಿಂಬಿನ ಜೊತೆ). ಮೊದಮೊದಲು ನಿದ್ದೆ ಬರದೆ ಫ್ಯಾನ್ ನೋಡುತ್ತಾ ಬಿದ್ದಿರುತ್ತಿದ್ದೆ. ಹರ್ಸಿಯವರ ಅಜ್ಜಿ ದಿನಾ ಸ್ವಲ್ಪ ಹೊತ್ತು ಸುಮ್ಮನೆ ಕಣ್ಣು ಮುಚ್ಚಿ ಕೂರುತ್ತಿದ್ದರಂತೆ. ಅಷ್ಟಾದರೂ ಸಾಕು ಅಂದುಕೊಂಡ ಮೇಲೆ ಜೊಂಪು ತಾನಾಗೇ ಹತ್ತಿತು.

ತಲೆ ಕೆಟ್ಟಿದ್ದು ಆಮೇಲೆ. ನಾನು ಹೀಗೆ ಆರಾಮಾಗಿ ಮಲಗೆದ್ದು ಸಂಜೆ ನಾಲ್ಕಕ್ಕೆ ಮೀಟಿಂಗ್ ಕರೆದರೆ ಬೆಂಗಳೂರಿನಲ್ಲಿ ರಾತ್ರಿ ಒಂದೂವರೆ. ಅಲ್ಲಿನ ನಮ್ಮ ತಂಡದ ಹುಡುಗ ಹುಡುಗಿಯರು ಕಣ್ಣುಜ್ಜಿಕೊಂಡು ಕೂತಿರುತ್ತಾರೆ. ನನ್ನ ನಿದ್ದೆಯ ಬಿಲ್ಲು ಅವರ ಹೆಸರಿಗೆ ಹೋಗುತ್ತಿತ್ತು ಅಲ್ವಾ? ಮೀಟಿಂಗನ್ನು ನಮ್ಮ ಬೆಳಗಿನ ಎಂಟೂವರೆಗೆ ತಂದೆ. ಅಲ್ಲಿ ಸಂಜೆ ಆರು. ಇಲ್ಲಿ ಕೆಲವರು ಗೊಣಗಿದರು, ಗೊಣಗಲಿ.

ಸಾಫ್ಟ್‌ವೇರ್ ರಿಲೀಸ್ ಇರುವ ದಿನ ಮಾತ್ರ ಬೆಂಗಳೂರಿನವರು ಈಗಲೂ ರಾತ್ರಿಯಿಡೀ ಕೂರಬೇಕು. ಮರುದಿನ ಅವರಿಗೆ ಪೂರ್ತಿ ರಜೆ ಕೊಡಿ ಅಂತ ಕೇಳಿದೆ. ಮೇಲಿನವರು ಅರ್ಧ ದಿನಕ್ಕೆ ಒಪ್ಪಿದ್ದಾರೆ. ಉಳಿದರ್ಧಕ್ಕೆ ಇನ್ನೂ ಜಗ್ಗಾಟ ನಡೆದಿದೆ.