ತಂಗಳು ಕೊಟ್ಟಿಗೆಯೇ ಗೆದ್ದಿತು: ಪುತ್ತೂರು ಕಡೆಯ ಬೇಸಿಗೆ ಸ್ಟಾಲ್, ನನ್ನ ಅನುಭವ

ನಮ್ಮ ಕಡೆಯ ಜಾತ್ರೆ, ಆಟಗಳ ಕೊನೆಯ ದಿನವಾದ ಪತ್ತನಾಜೆ ಮುಗಿದ ಮೇಲೆ ಕೂತು ಲೆಕ್ಕ ಹಾಕಿದೆವು. ಎಲ್ಲ ಖರ್ಚು ಕಳೆದು 40 ಸಾವಿರದ ಆಸುಪಾಸು ಉಳಿದಿತ್ತು. ಅಡಿಕೆಯವರಿಗೆ ಇದು ದೊಡ್ಡ ಮೊತ್ತ ಅಲ್ಲ ಅನ್ನಿ. ಆದರೆ ಬಂದದ್ದು ಹಲಸಿನ ಹಣ್ಣಿನಿಂದ, ಅದರ ಕೊಟ್ಟಿಗೆಯಿಂದ (ದನದ ಕೊಟ್ಟಿಗೆ ಅಲ್ಲ, ಹಣ್ಣು ಮತ್ತು ಅಕ್ಕಿ ರುಬ್ಬಿ ಎಲೆಯಲ್ಲಿ ಕಟ್ಟಿ ಬೇಯಿಸುವ ಕಡುಬು). ನಮ್ಮ ಕಡೆ ಆ ಹಣ್ಣು ಮರದಡಿಯಲ್ಲಿ ಬಿದ್ದು ಕೊಳೆಯುವ ಮಾಲು, ಉಳಿದರೆ ಹಟ್ಟಿಗೆ. "ದನ ತಿನ್ನುವುದಕ್ಕೆ ಮನುಷ್ಯರ ಹತ್ರ ದುಡ್ಡು ಕೇಳ್ತೀಯಾ ಭಾವ?" ಎಂದು ನಕ್ಕವರು ಸುಮಾರು ಜನ. ಅವರಲ್ಲಿ ಒಬ್ಬರು ಈಗ ನಮಗೇ ಹಣ್ಣು ಮಾರುತ್ತಾರೆ. ಮುಂಗಡ ಬೇರೆ ಕೇಳುತ್ತಾರೆ!

ಶುರು ಮಾಡಿದ್ದು ಎಲ್ಲರ ಹಾಗೆ, ಹಲಸಿನ ಮೇಳದಲ್ಲಿ. ಪಕ್ಕದ ತಾಲೂಕಿನ ಒಂದು ಹಾಲ್, ಜೂನ್ ತಿಂಗಳು, ಬಾಡಿಗೆ ಎರಡು ಸಾವಿರವೋ ಏನೋ. ಒಳಗೆ ಹೋದರೆ ಸಾಲು ಸಾಲು ಅದೇ ದೋಸೆ, ಅದೇ ಹೋಳಿಗೆ, ಅದೇ ಐಸ್‌ಕ್ರೀಮ್. ಹೊರಗೆ ಮಳೆ. ಜೂನ್‌ನ ಹಣ್ಣು ಹೇಗಿರುತ್ತದೆ ಗೊತ್ತಲ್ಲ, ಮಳೆ ಕುಡಿದು ಸಪ್ಪೆ. ಆವಿಯಲ್ಲಿ ಬೇಯಿಸುವ ಪಾತ್ರೆ ಅಟ್ಟಿನಳಗೆ ಹೊತ್ತುಕೊಂಡು ಹೋಗಿ ಅಲ್ಲೇ ಕೊಟ್ಟಿಗೆ ಬೇಯಿಸಿದೆವು. ಬೇಯಲು ಒಂದು ಗಂಟೆಗೂ ಜಾಸ್ತಿ ಬೇಕು, ಗಿರಾಕಿ ಐದು ನಿಮಿಷ ನಿಲ್ಲುವುದಿಲ್ಲ. ಬಿಸಿ ಬಿಸಿ ಕೊಟ್ಟಿಗೆಗೆ ಚೂರಿ ಹಾಕಿದರೆ ಅರ್ಧ ಚೂರಿಗೆ, ಅರ್ಧ ಎಲೆಗೆ ಅಂಟುತ್ತಿತ್ತು. ಮೂರರಲ್ಲಿ ಒಂದು ಪಾಲು ಮನೆಗೆ ವಾಪಸ್ ಬಂತು. ಕೈಯಿಂದ ಹೋದದ್ದು ಆರೋ ಏಳೋ ಸಾವಿರ.

ಮುಂದಿನ ವರ್ಷ ಸೋಂಟೆಗೆ, ಅಂದರೆ ಹಲಸಿನ ಚಿಪ್ಸಿಗೆ ಇಳಿದೆವು. ಪುತ್ತೂರು ಜಾತ್ರೆಗೆ ಏಪ್ರಿಲ್ 10ಕ್ಕೆ ಕೊಡಿ (ಧ್ವಜ) ಏರುತ್ತದೆ, 17ಕ್ಕೆ ಬ್ರಹ್ಮರಥ. ಆಗಿನ್ನೂ ಹಣ್ಣು ಅಪರೂಪ, ಆದರೆ ಬಲಿತ ಬಕ್ಕೆ (ಗಟ್ಟಿ ತೊಳೆಯ ಹಲಸು) ಕಾಯಿ ಧಾರಾಳ. ಜಾತ್ರೆ ನಡೆಯುವ ದೇವರಮಾರು ಗದ್ದೆಯ ಜನ ನೋಡಿದರೆ ಯಾರಿಗೂ ವ್ಯಾಪಾರದ ಆಸೆ ಹುಟ್ಟುತ್ತದೆ. ಆದರೆ ಲೆಕ್ಕ ನೋಡಿ. 10 ಕೇಜಿಯ ಕಾಯಿಯಲ್ಲಿ ಸೊಳೆ (ತೊಳೆ) ಸಿಗುವುದು ಮೂರು ಕೇಜಿ. ಕರಿದ ಮೇಲೆ ಒಂದು ಕೇಜಿ ಸೋಂಟೆ, ಅದೂ ಕಾಯಿ ಒಳ್ಳೆಯದಿದ್ದರೆ. ಕಾಯಿಗೆ ದುಡ್ಡಿಲ್ಲ ನಿಜ. ಮೇಣ ಬಿಡಿಸುವ ಕೂಲಿಗೆ ಇದೆ, ತೆಂಗಿನೆಣ್ಣೆಗಂತೂ ಸಿಕ್ಕಾಪಟ್ಟೆ ಇದೆ. ಎಣ್ಣೆಯ ರೇಟು ಏರಿದ ವರ್ಷ ಲಾಭವೆಲ್ಲ ಬಾಣಲೆಯಲ್ಲೇ ಕರಗಿತು. ಬೇರೆ ಎಣ್ಣೆ ಹಾಕಿ ಎಂದು ಕೆಲವರು ಹೇಳಿದರು. ಪುತ್ತೂರಿನವರ ಮೂಗಿಗೆ ಅದು ಗೊತ್ತಾಗದೆ ಇರುತ್ತದೆಯೇ?

ದಾರಿ ತೋರಿಸಿದ್ದು ನಮ್ಮ ಅತ್ತಿಗೆ. ಮನೆಯಲ್ಲಿ ಉಳಿದ ಕೊಟ್ಟಿಗೆಯನ್ನು ಮಾರನೇ ದಿನ ಬೆಳಿಗ್ಗೆ ತುಂಡು ಮಾಡಿ, ದೋಸೆ ಕಲ್ಲಿನಲ್ಲಿ ತುಪ್ಪ ಹಾಕಿ ಕಾಯಿಸುವುದು ಎಲ್ಲರಿಗೂ ಗೊತ್ತು. ಬಿಸಿ ಕೊಟ್ಟಿಗೆಗಿಂತ ಅದಕ್ಕೇ ಮಕ್ಕಳು ಜಗಳ ಆಡುವುದು. ಅದನ್ನೇ ಮಾರುವ ಎಂದರು. ಮನೆಯಲ್ಲೇ ವಿರೋಧ. ತಂಗಳು ಮಾರಿದರೆ ಮರ್ಯಾದೆ ಹೋಗುತ್ತದೆ ಎಂದು ಅಮ್ಮ. ನಾವು ಬೋರ್ಡಿನಲ್ಲೇ ಬರೆಸಿದೆವು, "ನಿನ್ನೆ ಬೇಯಿಸಿದ್ದು, ಈಗ ಕಾಯಿಸಿದ್ದು" ಎಂದು. ಆ ಬೋರ್ಡಿನ ಫೋಟೋ ತೆಗೆದುಕೊಂಡು ಹೋದವರೇ ಎಷ್ಟೋ ಮಂದಿ.

ಹಿಂದಿನ ಸಂಜೆ ಬೇಯಿಸಿ, ತಣಿದ ಮೇಲೆ ಎಲೆ ಸಮೇತ ಫ್ರಿಜ್ಜಿಗೆ. ಬೆಳಿಗ್ಗೆ ಗಟ್ಟಿ ಕೂತಿರುತ್ತದೆ, ಚೂರಿಗೆ ಅಂಟುವುದಿಲ್ಲ, ಬೆರಳು ದಪ್ಪಕ್ಕೆ ಚಂದ ತುಂಡಾಗುತ್ತದೆ. ಗದ್ದೆಗೆ ಒಯ್ಯುವುದು ಐಸ್ ಪೆಟ್ಟಿಗೆ, ಒಂದು ಕಲ್ಲು, ಒಂದು ಸಿಲಿಂಡರ್, ಇಷ್ಟೇ. ಬೆಲ್ಲ ಬೇಡವೇ ಬೇಡ. ಮೊದಮೊದಲು ಮನೆಯ ಅಳತೆಯಲ್ಲೇ ಬೆಲ್ಲ ಹಾಕಿ ರುಬ್ಬುತ್ತಿದ್ದೆವು. ತುಂಡು ಒಳಗೆ ಬಿಸಿಯಾಗುವ ಮೊದಲೇ ಹೊರಗೆ ಕರಟಿ ಕಪ್ಪಾಗುತ್ತಿತ್ತು. ಏಪ್ರಿಲ್ ಕೊನೆ, ಮೇ ತಿಂಗಳ ಬಕ್ಕೆಯ ಸಿಹಿಯೇ ಸಾಕು. ಅಕ್ಕಿ ಮನೆಯದ್ದಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಎಷ್ಟು ಜಾಸ್ತಿ ಎಂದು ಕೇಳಬೇಡಿ. ತುಪ್ಪದ ಜೊತೆ ಕಲ್ಲಿಗೆ ಇನ್ನೊಂದು ಚಿಟಿಕೆ ಬೀಳುತ್ತದೆ, ಅದನ್ನೂ ಕೇಳಬೇಡಿ. ಆ ಪರಿಮಳಕ್ಕೆ ಚರುಮುರಿ ಸಾಲಿನಲ್ಲಿ ನಿಂತವರೂ ತಿರುಗಿ ನೋಡುತ್ತಾರೆ, ಅಷ್ಟು ಹೇಳಬಲ್ಲೆ.

ಎಲ್ಲಿ ಮಾರುವುದು ಎಂಬುದೂ ಅಷ್ಟೇ ಮುಖ್ಯ. ಜಾತ್ರೆಯಿಂದ ಪತ್ತನಾಜೆ, ಅಂದರೆ ಮೇ 24ರ ಹೊತ್ತಿನವರೆಗೆ ನಮ್ಮಲ್ಲಿ ಯಕ್ಷಗಾನ ಬಯಲಾಟ, ದೇವಸ್ಥಾನದ ಬ್ರಹ್ಮಕಲಶ, ದೈವದ ನೇಮ, ಯುವಕ ಮಂಡಲದ ವಾರ್ಷಿಕೋತ್ಸವ ಎಂದು ಒಂದಲ್ಲ ಒಂದು ಇದ್ದೇ ಇರುತ್ತದೆ. ಆಮೇಲೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆ ಹಿಡಿಯುತ್ತದೆ. ಆದರೆ ಹೆಚ್ಚಿನ ಕಡೆ ರಾತ್ರಿ ಅನ್ನಸಂತರ್ಪಣೆ. ಊಟ ಪುಕ್ಕಟೆ ಸಿಗುವಲ್ಲಿ ಹೊಟ್ಟೆ ತುಂಬುವ ತಿಂಡಿ ಮಾರಲು ಹೋದರೆ ನೊಣ ಹೊಡೆಯಬೇಕು. ಹಾಗಾಗಿ ಪ್ಲೇಟಿಗೆ ನಾಲ್ಕೇ ತುಂಡು, 30 ರೂಪಾಯಿ. ಊಟಕ್ಕೆ ಮೊದಲು ಮಕ್ಕಳಿಗೆ, ಊಟದ ನಂತರ ದೊಡ್ಡವರಿಗೆ. ಮೊದಲು ಇಡೀ ರಾತ್ರಿ ಆಟ ಇದ್ದಾಗ ಎರಡು ಗಂಟೆಗೂ ಗಿರಾಕಿ ಬರುತ್ತಿದ್ದರಂತೆ. ಈಗ ಕಾಲಮಿತಿ ಆಟ ಜಾಸ್ತಿ, ಹನ್ನೆರಡು ದಾಟಿದರೆ ಗದ್ದೆ ಖಾಲಿ. ಏಳರಿಂದ ಹತ್ತೂವರೆಯೊಳಗೆ ಮುಗಿಸಬೇಕು. 150 ಪ್ಲೇಟ್ ಹೋದ ಸಂಜೆ ತುಪ್ಪ, ಗ್ಯಾಸ್, ಪಿಕಪ್, ಕೂಲಿ, ಜಾಗದ ಬಾಡಿಗೆ ಎಲ್ಲ ಕಳೆದು ಎರಡು ಸಾವಿರದ ಹತ್ತಿರ ಕೈಗೆ ಬರುತ್ತದೆ. 60 ಪ್ಲೇಟಿಗೆ ನಿಂತ ಸಂಜೆಗಳೂ ಇವೆ, ಗಾಳಿ ಮಳೆ ಬಂದು ಕರೆಂಟು ಹೋದರೆ ಅದೂ ಇಲ್ಲ.

ನಡುವೆ ಬೇರೆ ಬೇರೆ ಆಟಗಳನ್ನೂ ಆಡಿದ್ದೇವೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಎಂದು ಸರ್ಕಾರ ಹೇಳಿತಲ್ಲ, ಆಗ ಗುಜ್ಜೆ (ಎಳೆ ಹಲಸು) ಮಂಚೂರಿ ಮಾಡಿದೆವು. ರುಚಿಗೆ ಯಾರೂ ಕೊಂಕು ಹೇಳಲಿಲ್ಲ. ಆದರೆ ಏಪ್ರಿಲ್ ನಡುವಿಗೆ ಎಳೆ ಗುಜ್ಜೆಯೇ ಸಿಗುವುದಿಲ್ಲ, ಬಲಿತದ್ದು ನಾರು. ಹಲಸಿನ ಬೇಳೆ (ಬೀಜ) ಸುಟ್ಟು ಉಪ್ಪು ಖಾರ ಹಾಕಿ ಪೊಟ್ಟಣ ಕಟ್ಟಿದೆವು, ಅಜ್ಜಂದಿರು ಮಾತ್ರ ಕೊಂಡರು. ಪುನರ್ಪುಳಿ (ಕೋಕಂ) ಶರಬತ್ತು ಗೆದ್ದಿತು. ಹಿಂದಿನ ವರ್ಷದ ಒಣ ಸಿಪ್ಪೆ ನೆನೆಸಿದರೆ ಸಾಕು, ಲೋಟಕ್ಕೆ ನಾಲ್ಕೈದು ರೂಪಾಯಿ ಖರ್ಚು, ಮಾರುವುದು 15ಕ್ಕೆ. ನಿಜ ಹೇಳಬೇಕೆಂದರೆ ಹಾಕಿದ ದುಡ್ಡಿಗೆ ಕೊಟ್ಟಿಗೆಗಿಂತ ಲಾಭ ಅದರಲ್ಲೇ. ಆದರೆ ಜನರನ್ನು ಸ್ಟಾಲಿನ ಹತ್ತಿರ ಎಳೆಯುವುದು ಕೊಟ್ಟಿಗೆಯ ವಾಸನೆ.

ಜೂನ್‌ನ ಹಲಸಿನ ಮೇಳಗಳಿಂದ ಈಗಲೂ ಕರೆ ಬರುತ್ತದೆ. ಮೇ ಬಿಸಿಲಲ್ಲಿ ಒಣಗಿಸಿದ ಹಪ್ಪಳ ಕಳಿಸುತ್ತೇವೆ, ಸ್ಟಾಲಿನ ಬಾಡಿಗೆ ಮನ್ನಾ ಮಾಡಿದರೆ ಮಾತ್ರ.