ಕಳಚಿ ಮತ್ತೆ ಜೋಡಿಸುವ ಕೂಲಿಂಗ್ ಬ್ಲಾಕ್: ಟೆಸ್ಟ್ ಬೆಂಚಿಗೆ ನೀವೇ ಮಾಡಿಕೊಳ್ಳಿ

ಬೋರ್ಡಿನ ಮೇಲಿರುವ ಒಂದು ಐಸಿ (ಚಿಪ್) ಅಥವಾ ಪವರ್ ಮಾಡ್ಯೂಲ್ 10 ಡಿಗ್ರಿಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವುದಕ್ಕೆ ದೊಡ್ಡ ಥರ್ಮಲ್ ಚೇಂಬರ್ (ಒಳಗಿನ ತಾಪ ಹೊಂದಿಸಬಹುದಾದ ಪರೀಕ್ಷಾ ಪೆಟ್ಟಿಗೆ) ಬೇಕಿಲ್ಲ. ಪೆಲ್ಟಿಯರ್ ಮಾಡ್ಯೂಲ್ (ಕರೆಂಟ್ ಹರಿಸಿದರೆ ಒಂದು ಮುಖ ತಣ್ಣಗೆ, ಇನ್ನೊಂದು ಬಿಸಿಯಾಗುವ ಬಿಲ್ಲೆ) ಕೂರಿಸಿದ ಒಂದು ಬ್ಲಾಕ್ ಸಾಕು. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಸಣ್ಣ ಘಟಕಗಳಿಗೂ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಇದು ಕೈಗೆಟಕುವ ದಾರಿ. ತಣ್ಣಗೆ ಮಾಡುವುದು ಸುಲಭ. ಬ್ಲಾಕನ್ನು ತೆಗೆದು ಮತ್ತೆ ಕೂರಿಸಿದಾಗ ಮೊದಲಿನದೇ ರೀಡಿಂಗ್ ಬರುವಂತೆ ಮಾಡುವುದೇ ಕಷ್ಟ. ಹಾಗಾಗಿ ವಿನ್ಯಾಸವನ್ನು ಅಲ್ಲಿಂದಲೇ ಶುರುಮಾಡಬೇಕು.

ಬೇಕಾಗುವ ಸಾಮಾನು

ಟಿಇಸಿ1-12706 ಪೆಲ್ಟಿಯರ್ ಒಂದು (40×40 ಮಿ.ಮೀ.), ಹೀಟ್ ಪೈಪ್ ಇರುವ ಹಳೆಯ ಕಂಪ್ಯೂಟರಿನ ಸಿಪಿಯು ಕೂಲರ್, 65×40×12 ಮಿ.ಮೀ. ಅಲ್ಯೂಮಿನಿಯಂ ತುಂಡು, 6 ಮಿ.ಮೀ. ಹೈಲಮ್ ಶೀಟ್ (ಶಾಖ, ವಿದ್ಯುತ್ ಹರಿಯಗೊಡದ ಗಟ್ಟಿ ಹಲಗೆ), ಕರೆಂಟ್ ಸೆಟ್ ಮಾಡಬಹುದಾದ 30 ವೋಲ್ಟ್ 5 ಆಂಪಿಯರ್ ಡಿಸಿ ಸಪ್ಲೈ, ಕೆ ಟೈಪ್ ಥರ್ಮೋಕಪಲ್ (ತಾಪ ಅಳೆಯುವ ತಂತಿ) ಎರಡು, 70 ಡಿಗ್ರಿಗೆ ಕಟ್ ಆಗುವ ಥರ್ಮೋಸ್ಟಾಟ್, 0.5 ಮಿ.ಮೀ. ಸಿಲಿಕೋನ್ ಥರ್ಮಲ್ ಪ್ಯಾಡ್. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಫ್ರಿಜ್ ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ.

ಬಿಸಿ ಬದಿ

ಪೆಲ್ಟಿಯರ್ ಶಾಖವನ್ನು ನುಂಗಿಹಾಕುವುದಿಲ್ಲ, ಒಂದು ಮುಖದಿಂದ ಇನ್ನೊಂದಕ್ಕೆ ಸಾಗಿಸುತ್ತದೆ, ಜೊತೆಗೆ ತಾನು ತಿಂದ ವಿದ್ಯುತ್ತನ್ನೂ ಬಿಸಿಯಾಗಿ ಹೊರಹಾಕುತ್ತದೆ. 4 ಆಂಪಿಯರಿನಲ್ಲಿ ಓಡಿಸಿದರೆ ಸುಮಾರು 9 ವೋಲ್ಟ್, ಅಂದರೆ 36 ವ್ಯಾಟ್. ಐಸಿಯಿಂದ 14 ವ್ಯಾಟ್ ಎಳೆಯುತ್ತಿದ್ದರೆ ಕೂಲರ್ ಒಟ್ಟು 50 ವ್ಯಾಟ್ ಹೊರಗೆ ಚೆಲ್ಲಬೇಕು. ವ್ಯಾಟಿಗೆ ಕಾಲು ಡಿಗ್ರಿ ಏರುವ ಕೂಲರಾದರೆ ಕೋಣೆಗಿಂತ 12-13 ಡಿಗ್ರಿ ಮಾತ್ರ ಬಿಸಿಯಾಗುತ್ತದೆ. ಹಳೆಯ ಚಿಕ್ಕ ಅಲ್ಯೂಮಿನಿಯಂ ಫಿನ್ನಿನ ಕೂಲರ್ ಹಾಕಿದರೆ ಬಿಸಿ ಬದಿ ಏರಿ, ತಣ್ಣನೆಯ ಬದಿಯನ್ನೂ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯೂ ಸ್ವಲ್ಪ ತೆಳು. ಕೂಲರನ್ನು ಒಂದು ಸೈಜು ದೊಡ್ಡದೇ ಆರಿಸಿ.

ಫ್ಯಾನಿಗೆ ಬೇರೆಯೇ ಸಪ್ಲೈ ಕೊಡಿ. ಥರ್ಮೋಸ್ಟಾಟನ್ನು ಕೂಲರಿನ ಬುಡಕ್ಕೆ ಬಿಗಿದು ಪೆಲ್ಟಿಯರಿನ ಲೈನಿನಲ್ಲಿ ಮಾತ್ರ ಸೀರೀಸ್ ಮಾಡಿ. ಫ್ಯಾನ್ ನಿಂತಾಗ ಈ ಥರ್ಮೋಸ್ಟಾಟ್ ಇಲ್ಲದಿದ್ದರೆ, 138 ಡಿಗ್ರಿಗೆ ಕರಗುವ ಮಾಡ್ಯೂಲಿನ ಒಳಗಿನ ಬೆಸುಗೆ ಬಿಟ್ಟುಹೋಗಬಹುದು.

ಬ್ಲಾಕ್ ಕಟ್ಟುವುದು

ಅಲ್ಯೂಮಿನಿಯಂ ತುಂಡಿನ ಎರಡೂ ಮುಖವನ್ನು ಮಿಲ್ಲಿಂಗ್ ಮಾಡಿಸಿ. ಆಮೇಲೆ ದಪ್ಪ ಗಾಜಿನ ಮೇಲೆ 400, ನಂತರ 800 ನಂಬರಿನ ಎಮರಿ ಪೇಪರ್ ಇಟ್ಟು ಉಜ್ಜಿ. ಪಕ್ಕದಿಂದ ನಡುವಿನವರೆಗೆ 3 ಮಿ.ಮೀ. ತೂತು ಕೊರೆದು ಮೊದಲ ಥರ್ಮೋಕಪಲ್ ತೂರಿಸಿ. ಪೆಲ್ಟಿಯರ್ ನಡುವೆ ಕೂರುತ್ತದೆ. ಎರಡು ತುದಿಯಲ್ಲಿ ಉಳಿಯುವ ಹನ್ನೆರಡೂವರೆ ಮಿ.ಮೀ. ಜಾಗದಲ್ಲಿ ಎಂ4 ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಕೂಲರಿಗೆ ಬಿಗಿಯಿರಿ. ತಲೆಯ ಕೆಳಗೆ ಫೈಬರ್ ವಾಷರ್ ಇರಲೇಬೇಕು. ಇಲ್ಲದಿದ್ದರೆ ಬಿಸಿ ಬದಿಯ ಶಾಖ ಸ್ಕ್ರೂ ಮೂಲಕವೇ ವಾಪಸ್ ಬರುತ್ತದೆ. ಒಂದು ಸ್ಕ್ರೂವನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಸೆರಾಮಿಕ್ ಬಿರುಕು ಬಿಡುತ್ತದೆ. ಕಾಲು ಕಾಲು ಸುತ್ತು, ಒಂದಾದ ಮೇಲೆ ಒಂದು.

ಪೆಲ್ಟಿಯರಿನ ಎರಡೂ ಮುಖಕ್ಕೆ ಥರ್ಮಲ್ ಪೇಸ್ಟ್ ತೆಳುವಾಗಿ ಹಚ್ಚಿ, ಅಂಚಿನ ಸುತ್ತ ಸಿಲಿಕೋನ್ ಸೀಲಂಟ್ ಎಳೆಯಿರಿ. ಪೇಸ್ಟ್ ಇಷ್ಟಕ್ಕೇ ಸಾಕು. ಬೋರ್ಡಿಗೆ ತಾಗುವ ಮುಖಕ್ಕೆ ಬೇಡ: ಪ್ರತಿ ಸಲ ಅದರ ದಪ್ಪ ಬದಲಾಗುತ್ತದೆ, ಬೋರ್ಡನ್ನೂ ಹೊಲಸು ಮಾಡುತ್ತದೆ. ಅಲ್ಲಿ ಪ್ಯಾಡ್.

ಪ್ಯಾಡ್ ತೆಳುವಾದಷ್ಟೂ ಒಳ್ಳೆಯದು ಏಕೆಂದು ಲೆಕ್ಕ ಹಾಕಿ ನೋಡಿ. ಶಾಖ ವಾಹಕತೆ 3 (ವ್ಯಾಟ್/ಮೀಟರ್·ಕೆಲ್ವಿನ್) ಇರುವ 1 ಮಿ.ಮೀ. ಪ್ಯಾಡ್ 40×40 ಮಿ.ಮೀ. ಮುಖಕ್ಕೆ ಪೂರ್ತಿ ತಾಗಿದರೆ 14 ವ್ಯಾಟಿಗೆ ಸುಮಾರು 3 ಡಿಗ್ರಿ ವ್ಯತ್ಯಾಸ. ಅದೇ ಪ್ಯಾಡ್ 20×20 ಮಿ.ಮೀ. ಐಸಿಗೆ ತಾಗಿದರೆ ವ್ಯತ್ಯಾಸ 12 ಡಿಗ್ರಿ ಹತ್ತಿರ. ಬ್ಲಾಕ್ 10 ತೋರಿಸುತ್ತಿದ್ದರೂ ಐಸಿಯ ಮೈ 22ರಲ್ಲಿರುತ್ತದೆ. ನಮ್ಮ 0.5 ಮಿ.ಮೀ. ಪ್ಯಾಡಿನಲ್ಲಿ ಈ ವ್ಯತ್ಯಾಸ ಅರ್ಧಕ್ಕೆ ಇಳಿಯುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಎರಡನೆಯ ಥರ್ಮೋಕಪಲ್ ಐಸಿಯ ಮೇಲೇ ಇರಬೇಕು. ಅದರ ತಂತಿ ಕೂರಲು ಬ್ಲಾಕಿನ ಮುಖದಲ್ಲಿ 1 ಮಿ.ಮೀ. ಗ್ರೂವ್ (ಸಣ್ಣ ಕಾಲುವೆ) ಕೊರೆಸಿ. ವರದಿಯಲ್ಲಿ ಬರೆಯಬೇಕಾದದ್ದು ಈ ರೀಡಿಂಗ್.

ಒತ್ತಡ ಒಂದೇ ಸಮ

ಹೈಲಮ್ ಶೀಟಿನ ಬುಡದಿಂದ ನಾಲ್ಕು ಎಂ5 ಸ್ಟಡ್ ಎಬ್ಬಿಸಿ, ಕೂಲರಿನ ಬ್ರಾಕೆಟ್ಟನ್ನು ಅವುಗಳ ಮೇಲಿಂದ ಇಳಿಸಿ, ಸ್ಪ್ರಿಂಗ್ ಹಾಕಿ ನಟ್ ಬಿಗಿಯಿರಿ. ಬಿಗಿತವನ್ನು ಕೈ ಅಂದಾಜಿಗೆ ಬಿಡಬೇಡಿ. ಪ್ರತಿ ಸ್ಪ್ರಿಂಗಿನ ಒಳಗೆ ಒಂದೇ ಉದ್ದದ ಪೈಪ್ ತುಂಡು ಇರಲಿ. ನಟ್ ಅದಕ್ಕೆ ತಾಗಿ ನಿಂತರೆ ಸ್ಪ್ರಿಂಗ್ ಎಂದಿಗೂ ಅಷ್ಟೇ ಕುಗ್ಗುತ್ತದೆ. ಒಂದೊಂದು ಸ್ಪ್ರಿಂಗ್ ಸುಮಾರು 1 ಕೆಜಿ ಒತ್ತಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಅದೇ ಉದ್ದಕ್ಕೆ ಅದುಮಿ ನೋಡಿದರೆ ಗೊತ್ತಾಗುತ್ತದೆ. ಕೂಲರಿನ ತೂಕವೂ ಸೇರುವುದರಿಂದ ಸೆಟ್ಟನ್ನು ಯಾವಾಗಲೂ ನೆಟ್ಟಗೇ ಇಡಿ. ಬೋರ್ಡಿನ ಹಿಂದೆ ಐಸಿಯ ಕೆಳಗೆ ಆಸರೆ ಕೊಡಿ. ಬೋರ್ಡ್ ಬಾಗಿದರೆ ಮೊದಲು ಒಡೆಯುವುದು ಸೆರಾಮಿಕ್ ಕೆಪಾಸಿಟರ್.

ನೀರು

ಬೋರ್ಡನ್ನು ಕೆಡಿಸುವುದು ಚಳಿಗಿಂತ ಹೆಚ್ಚಾಗಿ ನೀರು. ಕೋಣೆ 25 ಡಿಗ್ರಿ, ತೇವಾಂಶ ಶೇ 60 ಇದ್ದರೆ 16-17 ಡಿಗ್ರಿಗೇ ಇಬ್ಬನಿ ಕಟ್ಟುತ್ತದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ತೇವಾಂಶ ಶೇ 80ಕ್ಕೆ ಹೋದರೆ 21 ಡಿಗ್ರಿಯೇ ಸಾಕು. ಬ್ಲಾಕಿನ ಸುತ್ತ ಫೋಮ್ ಸಂದಿಲ್ಲದಂತೆ ಅಂಟಿಸಿ, ಬೋರ್ಡನ್ನು ಮುಚ್ಚಿದ ಡಬ್ಬಿಯೊಳಗೆ ಸಿಲಿಕಾ ಜೆಲ್ ಜೊತೆ ಇಡಿ. ಪರೀಕ್ಷೆ ಮುಗಿದ ತಕ್ಷಣ ಡಬ್ಬಿ ತೆರೆಯುವ ಆತುರ ಬೇಡ. ಪೆಲ್ಟಿಯರ್ ಆಫ್ ಮಾಡಿ, ಐಸಿಯ ರೀಡಿಂಗ್ ಕೋಣೆಯ ಮಟ್ಟಕ್ಕೆ ಬಂದ ಮೇಲಷ್ಟೇ ಕಳಚಿ.

ರಿಲೇ ಹಾಕಿ ಆನ್-ಆಫ್ ಮಾಡುವ ಕಂಟ್ರೋಲರ್ ಬಳಸಬೇಡಿ. ಪದೇ ಪದೇ ಬಿಸಿ-ತಂಪಾಗಿ ಮಾಡ್ಯೂಲಿನ ಬೆಸುಗೆ ಬಿಡುತ್ತದೆ. ಸಪ್ಲೈಯಲ್ಲಿ ಕರೆಂಟನ್ನು ನಿಧಾನ ಏರಿಸಿ ಇಳಿಸಿ ಹೊಂದಿಸಿಕೊಳ್ಳಿ.

ನಂಬುವ ಮೊದಲು

ನಿಜವಾದ ಬೋರ್ಡ್ ಇಡುವ ಮುಂಚೆ 10 ಓಮ್, 50 ವ್ಯಾಟಿನ ಅಲ್ಯೂಮಿನಿಯಂ ಕವಚದ ರೆಸಿಸ್ಟರನ್ನು ಚಪ್ಪಟೆ ತಗಡಿನ ಮೇಲೆ ಬಿಗಿದು ಬ್ಲಾಕಿನ ಕೆಳಗಿಡಿ. 12 ವೋಲ್ಟ್ ಕೊಟ್ಟರೆ 14.4 ವ್ಯಾಟ್ ಬಿಸಿ. ರೀಡಿಂಗ್ ನಿಂತ ಮೇಲೆ ಬರೆದುಕೊಂಡು, ಪೂರ್ತಿ ಕಳಚಿ, ಮತ್ತೆ ಜೋಡಿಸಿ. ಹೀಗೆ ಐದು ಸಲ ಮಾಡಿದಾಗ ರೀಡಿಂಗ್‌ಗಳು 1 ಡಿಗ್ರಿಯೊಳಗೆ ಇದ್ದರೆ ಬ್ಲಾಕ್ ಬಳಕೆಗೆ ಸಿದ್ಧ. ಹೆಚ್ಚು ಓಲಾಡಿದರೆ ಪ್ಯಾಡ್ ಮಡಿಚಿದೆಯೇ, ಥರ್ಮೋಕಪಲ್ ಗ್ರೂವಿನಿಂದ ಎದ್ದಿದೆಯೇ ನೋಡಿ.

ಈ ಬ್ಲಾಕ್ ಒಂದು ಭಾಗವನ್ನಷ್ಟೇ ತಣಿಸುತ್ತದೆ, ಸುತ್ತಲಿನವು ಬೆಚ್ಚಗೇ ಇರುತ್ತವೆ. ಐಇಸಿ 60068-2-1ರ (ಚಳಿ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಪ್ರಮಾಣಪತ್ರ ಬೇಕಿದ್ದರೆ ಚೇಂಬರಿಗೇ ಹೋಗಬೇಕು. ಒತ್ತಿದ ಗುರುತು ಉಳಿದ ಅಥವಾ ಅಂಚು ಹರಿದ ಪ್ಯಾಡನ್ನು ಬದಲಿಸಿ, ಬದಲಿಸಿದ ಪ್ರತಿ ಸಲ ರೆಸಿಸ್ಟರಿನ ಪರೀಕ್ಷೆಯನ್ನು ಮತ್ತೆ ಮಾಡಿ.